ಅಂಗೈಯ ಬೆವರು ಮತ್ತು ಶಸ್ತ್ರವೈದ್ಯನ ಕತ್ತರಿ

ಪರೀಕ್ಷೆಯ ಕೊಠಡಿಯಲ್ಲಿ ಕುಳಿತಿರುವ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಪ್ರಶ್ನೆಪತ್ರಿಕೆ ಕೈಗೆ ಬಂದಿದೆ; ಉತ್ತರಗಳೂ ಅವನಿಗೆ ತಿಳಿದಿವೆ. ಆದರೆ ಲೇಖನಿಯನ್ನು ಹಿಡಿದ ಕೆಲವೇ ಕ್ಷಣಗಳಲ್ಲಿ ಅವನ ಅಂಗೈಯಲ್ಲಿ ನೀರು ಒಸರತೊಡಗುತ್ತದೆ. ಕೈಯ ಕೆಳಗೆ ಕರವಸ್ತ್ರವನ್ನು ಹಾಸಿಕೊಂಡು ಬರೆಯುತ್ತಾನೆ. ಹತ್ತು ನಿಮಿಷಗಳಲ್ಲಿ ಅದೂ ತೊಯ್ದುಹೋಗುತ್ತದೆ. ಕಾಗದ ನೆನೆದು ಅಕ್ಷರಗಳು ಕಲಸಿಕೊಳ್ಳುತ್ತವೆ. ಪ್ರಯೋಗಶಾಲೆಯಲ್ಲಿ ಗಾಜಿನ ನಳಿಗೆ ಅವನ ಕೈಯಿಂದ ಜಾರುತ್ತದೆ. ಹಾಜರಿ ಹಾಕುವ ಯಂತ್ರ ಅವನ ಬೆರಳನ್ನು ಗುರುತಿಸಲು ನಿರಾಕರಿಸುತ್ತದೆ. ಗೆಳೆಯರು ಕೈ ಚಾಚಿದರೆ ಅವನು ತನ್ನ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಳ್ಳುತ್ತಾನೆ. ಹೊರಗಿನವರಿಗೆ ಇದೊಂದು ಕ್ಷುಲ್ಲಕ ವಿಷಯ. ಅವನಿಗಾದರೋ ದಿನದ ಪ್ರತಿಯೊಂದು ಗಂಟೆಯನ್ನೂ ಕಹಿಯಾಗಿಸುವ ಪೀಡೆ.

ಇದಕ್ಕೆ ವೈದ್ಯರು ಕೊಟ್ಟಿರುವ ಹೆಸರು ಹೈಪರ್‌ಹೈಡ್ರೋಸಿಸ್. ಕನ್ನಡದಲ್ಲಿ ಅತಿಸ್ವೇದ ಎಂದು ಕರೆಯಬಹುದು. ಇದು ಅಪೂರ್ವವಾದ ರೋಗವೇನೂ ಅಲ್ಲ. ನೂರು ಮಂದಿಯಲ್ಲಿ ಒಬ್ಬಿಬ್ಬರಿಗಾದರೂ ಇದು ಒಂದಲ್ಲ ಒಂದು ರೂಪದಲ್ಲಿ ಇರುತ್ತದೆಂದರೆ ಉತ್ಪ್ರೇಕ್ಷೆಯಾಗದು. ಕೆಲವರಿಗೆ ಅಂಗೈ, ಕೆಲವರಿಗೆ ಅಂಗಾಲು, ಇನ್ನು ಕೆಲವರಿಗೆ ಕಂಕುಳು ಅಥವಾ ಮುಖ, ಹೀಗೆ ಬೆವರು ಹರಿಯುವ ಸ್ಥಾನಗಳು ಬೇರೆ ಬೇರೆ.

ಅಂಗೈಯ ಬೆವರನ್ನು ನಿಲ್ಲಿಸಬಲ್ಲ ಒಂದು ಶಸ್ತ್ರಕ್ರಿಯೆ ಇದೆ. ಅದಕ್ಕೆ ಸಾಮಾನ್ಯವಾಗಿ ಒಂದು ಗಂಟೆಯೂ ಹಿಡಿಯುವುದಿಲ್ಲ. ನೂರು ಮಂದಿಯಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರ ಕೈಗಳು ಒಣಗುತ್ತವೆ. ರೋಗಿ ಅರಿವಳಿಕೆಯಿಂದ ಎಚ್ಚೆತ್ತು ನೋಡುವಾಗಲೇ ಒಣಗಿರುತ್ತವೆ. ವೈದ್ಯಶಾಸ್ತ್ರದಲ್ಲಿ ಇಷ್ಟು ಶೀಘ್ರವೂ ಇಷ್ಟು ನಿಶ್ಚಿತವೂ ಆದ ಫಲವನ್ನು ಕೊಡುವ ಚಿಕಿತ್ಸೆಗಳು ಹೆಚ್ಚಾಗಿಲ್ಲ. ಹೀಗಿದ್ದರೂ ವಿವೇಕಿಗಳಾದ ವೈದ್ಯರು ಇದನ್ನು ಮೊದಲು ಸೂಚಿಸುವುದಿಲ್ಲ. ಉಳಿದ ಉಪಾಯಗಳೆಲ್ಲ ಮುಗಿದ ಮೇಲೆ, ಹಲವು ಬಾರಿ ಎಚ್ಚರಿಕೆ ಹೇಳಿ, ಆಮೇಲೆ ಕತ್ತರಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಇಷ್ಟು ಚೆನ್ನಾಗಿ ಫಲಿಸುವ ಚಿಕಿತ್ಸೆಗೆ ಇಷ್ಟೊಂದು ಹಿಂಜರಿಕೆ ಏಕೆ? ಈ ಪ್ರಶ್ನೆಯ ಉತ್ತರವನ್ನು ಹುಡುಕುವುದೇ ನಮ್ಮ ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಬೆವರು ಎಂದರೇನು, ಅದನ್ನು ಆಳುವವರು ಯಾರು ಎಂಬುದನ್ನು ತಿಳಿಯಬೇಕು.

ಬೆವರಿನ ಎರಡು ಕೆಲಸಗಳು

ನಮ್ಮ ಚರ್ಮದಲ್ಲಿ ೨೦ರಿಂದ ೪೦ ಲಕ್ಷದಷ್ಟು ಬೆವರಿನ ಗ್ರಂಥಿಗಳಿವೆ. ಪ್ರತಿಯೊಂದು ಗ್ರಂಥಿಯೂ ಕೆಳತುದಿಯಲ್ಲಿ ಉಂಡೆಯಂತೆ ಸುತ್ತಿಕೊಂಡಿರುವ ಒಂದು ಸೂಕ್ಷ್ಮವಾದ ನಾಳ. ಆ ಸುರುಳಿಯಲ್ಲಿ ಉತ್ಪನ್ನವಾದ ಉಪ್ಪುನೀರು ನಾಳದಲ್ಲಿ ಮೇಲೇರಿ ಚರ್ಮದ ಮೇಲೆ ಬಂದು, ಆವಿಯಾಗಿ ಹೋಗುತ್ತದೆ. ನೀರು ಆವಿಯಾಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಅದು ನಮ್ಮ ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಒಂದು ಲೀಟರು ಬೆವರು ಪೂರ್ತಿಯಾಗಿ ಆವಿಯಾದರೆ ದೇಹದಿಂದ ಸುಮಾರು ೫೮೦ ಕಿಲೊಕ್ಯಾಲೊರಿಗಳಷ್ಟು ಶಾಖ ಹೊರಹೋಗುತ್ತದೆ. ಮಂಜುಗಡ್ಡೆಯಷ್ಟು ತಣ್ಣಗಿರುವ ಸುಮಾರು ೬ ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಶಾಖ ಇದು! ಗದ್ದೆಯಲ್ಲಿ ಬೆವರು ಸುರಿಸಿ ದುಡಿಯುವ ರೈತನು ಬಿಸಿಲಿನಲ್ಲಿ ಕುಸಿದುಬೀಳದೆ ನಿಂತಿರುವುದು ಈ ಬೆವರಿನ ಕೃಪೆಯಿಂದಲೇ.

ಆದರೆ ಆವಿಯಾಗದ ಬೆವರಿನಿಂದ ಪ್ರಯೋಜನವಿಲ್ಲ. ರಾಯಚೂರಿನ ಒಣ ಬಿಸಿಲಿನಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ. ಮಂಗಳೂರಿನಲ್ಲಿ ಶಾಖ ಅಷ್ಟಿಲ್ಲದಿದ್ದರೂ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದೆ ಮೈಮೇಲೆ ಇಳಿಯುತ್ತದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಮಗೆ ಇದರಿಂದ ಕೆಲಸವಿದೆ.

ಬೆವರಿಗೆ ಶಾಖವೊಂದೇ ಕಾರಣವಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು ಹೇಳಿದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮನಸ್ಸಿನ ಕ್ಷೋಭೆ ದೇಹದಲ್ಲಿ ತಾನಾಗಿ ತೋರಿಬರುವ ಬಗೆಗಳಿವು. ಸ್ವೇದವೆಂದರೆ ಬೆವರು, ರೋಮಾಂಚವೆಂದರೆ ಮೈನವಿರೇಳುವುದು, ವೈವರ್ಣ್ಯವೆಂದರೆ ಮುಖ ಬಿಳಿಚಿಕೊಳ್ಳುವುದು. ಈ ಮೂರನ್ನೂ ನಡೆಸುವುದು ಒಂದೇ ನರಮಂಡಲವೆಂದು ಇಂದಿನ ಶರೀರವಿಜ್ಞಾನ ಹೇಳುತ್ತದೆ. ಅದೇ ಸಿಂಪಥೆಟಿಕ್ ನರಮಂಡಲ. ಅನುವೇದಕ ನರಮಂಡಲವೆಂದೂ ಇದನ್ನು ಕರೆಯುವುದುಂಟು.

ಜಪಾನಿನ ಶರೀರವಿಜ್ಞಾನಿ ಯಾಸ್ ಕುನೋ ತನ್ನ ಆಯುಷ್ಯದ ಬಹುಭಾಗವನ್ನು ಬೆವರಿನ ಅಧ್ಯಯನಕ್ಕೇ ಮೀಸಲಿಟ್ಟವನು. ೧೯೩೪ರಲ್ಲಿ ಪ್ರಕಟವಾದ ಅವನ ಗ್ರಂಥ ಈ ವಿಷಯದಲ್ಲಿ ಪ್ರಮಾಣವಾಯಿತು. ಮೈಯ ಬೆವರಿಗೂ ಅಂಗೈ ಅಂಗಾಲುಗಳ ಬೆವರಿಗೂ ಇರುವ ವ್ಯತ್ಯಾಸವನ್ನು ಅವನು ಸ್ಪಷ್ಟಪಡಿಸಿದನು. ಬೆನ್ನು, ಎದೆ, ಹೊಟ್ಟೆಗಳು ಮುಖ್ಯವಾಗಿ ಶಾಖಕ್ಕೆ ಬೆವರುತ್ತವೆ. ಅಂಗೈ ಅಂಗಾಲುಗಳು ಮುಖ್ಯವಾಗಿ ಮನಸ್ಸಿನ ಉದ್ವೇಗಕ್ಕೆ ಬೆವರುತ್ತವೆ. ನಿದ್ದೆಯಲ್ಲಿ ಮನಸ್ಸು ಅಡಗಿದಾಗ ಅಂಗೈಯೂ ಒಣಗುತ್ತದೆ.

ಉದ್ವೇಗದಲ್ಲಿ ಅಂಗೈ ಒದ್ದೆಯಾಗುವುದರಿಂದ ಏನು ಲಾಭ? ಅಗೆಯುವ ಕೂಲಿಯಾಳು ಗುದ್ದಲಿಯನ್ನು ಎತ್ತುವ ಮೊದಲು ಅಂಗೈಗೆ ಉಗುಳಿಕೊಳ್ಳುವುದನ್ನು ನಮ್ಮಲ್ಲಿ ಹಲವರು ನೋಡಿರಬಹುದು. ತುಸು ತೇವವಿದ್ದರೆ ಹಿಡಿತ ಬಿಗಿಯಾಗುತ್ತದೆ. ಅಪಾಯದ ವೇಳೆಯಲ್ಲಿ ಕೊಂಬೆಯನ್ನು ಭದ್ರವಾಗಿ ಹಿಡಿಯಲೆಂದು ಪ್ರಾಣಿಗಳಲ್ಲಿ ಬೆಳೆದುಬಂದ ಏರ್ಪಾಡು ಇದಾಗಿರಬೇಕೆಂದು ವಿಜ್ಞಾನಿಗಳು ಊಹಿಸುತ್ತಾರೆ. ನಮ್ಮ ವಿದ್ಯಾರ್ಥಿಯಲ್ಲಿ ಗ್ರಂಥಿಗಳು ಕೆಟ್ಟಿಲ್ಲ. ಅವುಗಳ ಸಂಖ್ಯೆಯೂ ಹೆಚ್ಚಿಲ್ಲ. ಅವುಗಳಿಗೆ ಬರುವ ಆಜ್ಞೆ ಮಾತ್ರ ಅತಿಯಾಗಿದೆ. ಆಜ್ಞೆ ಬರುವುದು ನರದ ಮೂಲಕ. ಆದುದರಿಂದ ಶಸ್ತ್ರವೈದ್ಯನ ದೃಷ್ಟಿ ಅಂಗೈಯನ್ನು ಬಿಟ್ಟು ನರದ ಕಡೆಗೆ ತಿರುಗುತ್ತದೆ.

ನರದ ಜಾಡು

ಬೆನ್ನೆಲುಬಿನ ಎರಡು ಪಕ್ಕಗಳಲ್ಲಿಯೂ ಕುತ್ತಿಗೆಯಿಂದ ಸೊಂಟದ ಕೆಳಗಿನವರೆಗೆ ಎರಡು ಬೆಳ್ಳನೆಯ ತಂತುಗಳು ಇಳಿದಿವೆ. ದಾರದಲ್ಲಿ ಪೋಣಿಸಿದ ಮಣಿಗಳಂತೆ ಅವುಗಳಲ್ಲಿ ನಡುನಡುವೆ ಗಂಟುಗಳಿವೆ. ಇದೇ ಸಿಂಪಥೆಟಿಕ್ ಸರಪಳಿ. ಮಿದುಳಿನಿಂದ ಹೊರಟ ಸಂದೇಶ ಬೆನ್ನುಹುರಿಯಲ್ಲಿ ಇಳಿದು, ಈ ಗಂಟುಗಳಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟಿ, ಅಲ್ಲಿಂದ ಬೆವರಿನ ಗ್ರಂಥಿಗಳಿಗೂ ರಕ್ತನಾಳಗಳಿಗೂ ಹೃದಯಕ್ಕೂ ಹೋಗುತ್ತದೆ. ಕೈಗಳಿಗೆ ಹೋಗುವ ಸಂದೇಶಗಳು ಎದೆಗೂಡಿನ ಮೇಲ್ಭಾಗದ ಗಂಟುಗಳನ್ನು, ವಿಶೇಷವಾಗಿ ಎರಡನೆಯ ಮತ್ತು ಮೂರನೆಯ ಪಕ್ಕೆಲುಬುಗಳ ಮಟ್ಟದಲ್ಲಿರುವವನ್ನು ಹಾದುಹೋಗುತ್ತವೆ.

ಈ ಸರಪಳಿಯ ಗುಣವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವನು ಫ್ರಾನ್ಸಿನ ಕ್ಲಾದ್ ಬೆರ್ನಾರ್. ೧೮೫೧ರಲ್ಲಿ ಅವನು ಒಂದು ಮೊಲದ ಕುತ್ತಿಗೆಯಲ್ಲಿ ಈ ತಂತುವನ್ನು ಕತ್ತರಿಸಿದಾಗ ಆ ಪಕ್ಕದ ಕಿವಿ ಕೆಂಪೇರಿ ಬೆಚ್ಚಗಾಯಿತು. ರಕ್ತನಾಳಗಳನ್ನು ಬಿಗಿಹಿಡಿದಿದ್ದ ಆಜ್ಞೆ ಕಡಿದುಹೋದುದರಿಂದ ಅವು ಸಡಿಲಗೊಂಡು ಹಿಗ್ಗಿದ್ದವು. ೧೮೬೯ರಲ್ಲಿ ಸ್ವಿಟ್ಸರ್ಲೆಂಡಿನ ನೇತ್ರವೈದ್ಯ ಹಾರ್ನರ್ ಒಬ್ಬ ಹೆಂಗಸಿನ ಮುಖದಲ್ಲಿ ವಿಚಿತ್ರವಾದ ಲಕ್ಷಣಗಳನ್ನು ಕಂಡನು: ಒಂದು ಪಕ್ಕದ ರೆಪ್ಪೆ ಜೋತುಬಿದ್ದಿತ್ತು, ಪಾಪೆ ಕಿರಿದಾಗಿತ್ತು, ಆ ಪಕ್ಕದ ಮುಖ ಬೆವರುತ್ತಿರಲಿಲ್ಲ. ಕುತ್ತಿಗೆಯ ಸಿಂಪಥೆಟಿಕ್ ತಂತು ಕೆಟ್ಟಾಗ ಬರುವ ಈ ಲಕ್ಷಣಗಳ ಗುಂಪಿಗೆ ಇಂದಿಗೂ ಅವನ ಹೆಸರೇ ಇದೆ.

ಬೆವರು ರಕ್ತದಿಂದ ಸುಮ್ಮನೆ ಸೋರಿಬರುವ ನೀರಲ್ಲವೆಂಬುದೂ ಅದೇ ಶತಮಾನದಲ್ಲಿ ಸಿದ್ಧವಾಯಿತು. ಬೆಕ್ಕಿಗೆ ಪಂಜದ ಅಡಿಯಲ್ಲಿ ಬೆವರಿನ ಗ್ರಂಥಿಗಳಿವೆ. ೧೮೭೫ರಲ್ಲಿ ಜರ್ಮನಿಯ ಗೋಲ್ಟ್ಸ್ ಬೆಕ್ಕಿನ ಕಾಲಿನ ನರವನ್ನು ಉದ್ರೇಕಿಸಿದಾಗ ಪಂಜದ ಮೇಲೆ ಬೆವರಿನ ಹನಿಗಳು ಮೂಡಿದವು. ಮರುವರ್ಷ ಕೆಂಡಲ್ ಮತ್ತು ಲುಕ್ಸಿಂಗರ್ ಎಂಬುವರು ರಕ್ತಸಂಚಾರ ನಿಂತ ಕಾಲಿನಲ್ಲಿಯೂ ಹೀಗಾಗುವುದನ್ನು ತೋರಿಸಿದರು. ಬೆವರು ನರದ ಆಜ್ಞೆಗೆ ಗ್ರಂಥಿಯು ಕೊಡುವ ಉತ್ತರ ಎಂಬುದರಲ್ಲಿ ಸಂದೇಹವುಳಿಯಲಿಲ್ಲ.

ಆ ಆಜ್ಞೆ ಗ್ರಂಥಿಗೆ ತಲಪುವುದು ಒಂದು ರಾಸಾಯನಿಕ ವಸ್ತುವಿನ ಮೂಲಕ. ಸಿಂಪಥೆಟಿಕ್ ನರಗಳ ತುದಿಯಲ್ಲಿ ಸಾಮಾನ್ಯವಾಗಿ ಒಸರುವುದು ಅಡ್ರಿನಲಿನ್ನಿನ ಬಳಗದ ವಸ್ತು. ಬೆವರಿನ ಗ್ರಂಥಿಗಳಿಗೆ ಹೋಗುವ ನರಗಳು ಮಾತ್ರ ಈ ನಿಯಮಕ್ಕೆ ಹೊರತು. ಅವು ಅಸಿಟೈಲ್‌ಕೋಲೀನ್ ಎಂಬ ವಸ್ತುವನ್ನು ಬಳಸುತ್ತವೆಂದು ಹೆನ್ರಿ ಡೇಲ್ ಮತ್ತು ಫೆಲ್ಡ್‌ಬರ್ಗ್ ೧೯೩೪ರಲ್ಲಿ ತೋರಿಸಿದರು. ನರಗಳ ರಾಸಾಯನಿಕ ಸಂದೇಶಗಳ ಸಂಶೋಧನೆಗಾಗಿ ಡೇಲ್‌ಗೆ ಆಟೋ ಲೋವಿಯೊಡನೆ ೧೯೩೬ರ ನೊಬೆಲ್ ಪಾರಿತೋಷಕ ದೊರೆಯಿತು.

ಎದೆಗೂಡಿನೊಳಕ್ಕೆ ಒಂದು ಕಿಂಡಿ

ಸಿಂಪಥೆಟಿಕ್ ತಂತುವನ್ನು ಕತ್ತರಿಸುವ ಶಸ್ತ್ರಕ್ರಿಯೆ ಹುಟ್ಟಿದುದು ಬೆವರಿಗಾಗಿ ಅಲ್ಲ. ೧೮೮೯ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಅಪಸ್ಮಾರದ ಚಿಕಿತ್ಸೆಗಾಗಿ ಇದನ್ನು ಪ್ರಯೋಗಿಸಿದನು. ಅನಂತರ ಕಣ್ಣಿನ ರೋಗ, ಹೃದಯದ ನೋವು, ಕೈಕಾಲುಗಳ ರಕ್ತಸಂಚಾರದ ದೋಷ ಮುಂತಾದವುಗಳಿಗೂ ಶಸ್ತ್ರವೈದ್ಯರು ಇದರ ಮೊರೆಹೊಕ್ಕರು. ಎಷ್ಟೋ ರೋಗಗಳಲ್ಲಿ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಆದರೆ ಕತ್ತರಿಸಿದ ಪಕ್ಕದಲ್ಲಿ ಬೆವರು ನಿಲ್ಲುತ್ತಿದ್ದುದು ಮಾತ್ರ ನಿಶ್ಚಿತವಾಗಿತ್ತು. ೧೯೨೦ರಲ್ಲಿ ಕೊಟ್ಸಾರೆಫ್ ಎಂಬ ವೈದ್ಯನು ಅತಿಸ್ವೇದಕ್ಕಾಗಿಯೇ ಈ ಶಸ್ತ್ರಕ್ರಿಯೆಯನ್ನು ಮಾಡಿದನು.

ಆ ಕಾಲದಲ್ಲಿ ಇದು ದೊಡ್ಡ ಶಸ್ತ್ರಕ್ರಿಯೆ. ಸರಪಳಿ ಇರುವುದು ಎದೆಗೂಡಿನ ಒಳಗೋಡೆಗೆ ಅಂಟಿಕೊಂಡು, ಪಕ್ಕೆಲುಬುಗಳ ಹಿಂತುದಿಯ ಮೇಲೆ. ಅಲ್ಲಿಗೆ ತಲಪಲು ಬೆನ್ನನ್ನೋ ಕುತ್ತಿಗೆಯ ಬುಡವನ್ನೋ ಕಂಕುಳನ್ನೋ ಕೊಯ್ದು ತೆರೆಯಬೇಕಾಗಿತ್ತು. ಕೈ ಒಣಗಲೆಂದು ಅಷ್ಟು ದೊಡ್ಡ ಗಾಯವನ್ನು ಮಾಡಿಸಿಕೊಳ್ಳಲು ಎಲ್ಲರೂ ಒಪ್ಪುತ್ತಿರಲಿಲ್ಲ.

ದಾರಿಯನ್ನು ಸುಲಭ ಮಾಡಿದ್ದು ದೂರದರ್ಶಕದಂತಿರುವ ಒಂದು ನಳಿಗೆ. ೧೯೧೦ರಲ್ಲಿ ಸ್ಟಾಕ್‌ಹೋಮಿನ ಯಾಕೊಬೇಯುಸ್ ಎದೆಗೂಡಿನೊಳಕ್ಕೆ ಇಂತಹ ನಳಿಗೆಯನ್ನು ತೂರಿಸಿ ಒಳಗೆ ನೋಡುವ ವಿಧಾನವನ್ನು ಪ್ರಕಟಿಸಿದನು. ಮುಂದೆ ಇದು ಕ್ಷಯರೋಗದ ಚಿಕಿತ್ಸೆಯಲ್ಲಿ ಬಹಳವಾಗಿ ಬಳಕೆಗೆ ಬಂದಿತು. ೧೯೪೨ರಲ್ಲಿ ಇಂಗ್ಲೆಂಡಿನ ಹ್ಯೂಸ್ ಇದೇ ಮಾರ್ಗದಿಂದ ಸಿಂಪಥೆಟಿಕ್ ತಂತುವನ್ನು ಕತ್ತರಿಸಿದ್ದನ್ನು ವರದಿಮಾಡಿದನು. ಆಸ್ಟ್ರಿಯದ ಕುಕ್ಸ್ ೧೯೫೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಾನು ಮಾಡಿದ ೧,೪೦೦ಕ್ಕೂ ಹೆಚ್ಚು ಇಂತಹ ಶಸ್ತ್ರಕ್ರಿಯೆಗಳ ಅನುಭವವನ್ನು ವಿವರಿಸಿದನು. ೧೯೮೦ರ ಬಳಿಕ ನಳಿಗೆಯ ತುದಿಗೆ ಪುಟ್ಟ ಕ್ಯಾಮೆರಾ ಸೇರಿ, ಒಳಗಿನ ದೃಶ್ಯ ಪರದೆಯ ಮೇಲೆ ದೊಡ್ಡದಾಗಿ ಕಾಣುವಂತಾದ ಮೇಲೆ ಈ ವಿಧಾನ ಎಲ್ಲೆಡೆ ಹರಡಿತು.

ಇಂದು ಈ ಶಸ್ತ್ರಕ್ರಿಯೆ ನಡೆಯುವ ಬಗೆಯನ್ನು ನೋಡೋಣ. ರೋಗಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಕಂಕುಳಿನ ಬಳಿ ಒಂದೆರಡು ಸಣ್ಣ ಕಿಂಡಿಗಳನ್ನು ಮಾಡುತ್ತಾರೆ. ಪ್ರತಿಯೊಂದೂ ಅರ್ಧ ಸೆಂಟಿಮೀಟರಿನಷ್ಟಿರುತ್ತದೆ. ಆ ಪಕ್ಕದ ಶ್ವಾಸಕೋಶವನ್ನು ಸ್ವಲ್ಪ ಹೊತ್ತು ಕುಗ್ಗಿಸಿದಾಗ ಎದೆಗೂಡಿನಲ್ಲಿ ಜಾಗವಾಗುತ್ತದೆ. ತೆಳ್ಳನೆಯ ಪೊರೆಯ ಕೆಳಗೆ, ಪಕ್ಕೆಲುಬುಗಳನ್ನು ಅಡ್ಡವಾಗಿ ದಾಟಿಹೋಗುವ ಬಿಳಿಯ ತಂತು ಪರದೆಯ ಮೇಲೆ ಕಾಣಿಸುತ್ತದೆ. ಎಣಿಸಿಕೊಂಡು ಸರಿಯಾದ ಪಕ್ಕೆಲುಬಿನ ಮೇಲೆ ಆ ತಂತುವನ್ನು ವಿದ್ಯುತ್ತಿನ ಶಾಖದಿಂದ ಸುಟ್ಟು ಕತ್ತರಿಸುತ್ತಾರೆ; ಇಲ್ಲವೆ ಟೈಟಾನಿಯಮ್ ಲೋಹದ ಪುಟ್ಟ ಕ್ಲಿಪ್ಪನ್ನು ಬಿಗಿದು ಸಂದೇಶವನ್ನು ತಡೆಯುತ್ತಾರೆ. ಅನಂತರ ಶ್ವಾಸಕೋಶವನ್ನು ಮತ್ತೆ ಹಿಗ್ಗಿಸಿ ಇನ್ನೊಂದು ಪಕ್ಕಕ್ಕೆ ಹೋಗುತ್ತಾರೆ.

ತಂತು ಕಡಿದ ಕೆಲವು ನಿಮಿಷಗಳಲ್ಲಿ ಅಂಗೈಯ ಉಷ್ಣತೆ ಏರತೊಡಗುತ್ತದೆ. ಒಂದು ಡಿಗ್ರಿಯಷ್ಟು ಏರಿದರೆ ಕೆಲಸ ಸರಿಯಾಯಿತೆಂದು ವೈದ್ಯರು ತಿಳಿಯುತ್ತಾರೆ. ಬೆರ್ನಾರನ ಮೊಲದ ಕಿವಿ ಬೆಚ್ಚಗಾದುದೂ ಈ ಅಂಗೈ ಬೆಚ್ಚಗಾಗುವುದೂ ಒಂದೇ ಕಾರಣದಿಂದ! ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಪ್ರಯೋಗವೊಂದು ಇಂದಿನ ಶಸ್ತ್ರವೈದ್ಯನಿಗೆ ಸಾಕ್ಷಿ ಹೇಳುತ್ತಿದೆ.

ಕೆಲವರಲ್ಲಿ ಬೆವರು ಮತ್ತೆ ಮರಳುವುದುಂಟು. ಸರಪಳಿಯನ್ನು ಬಳಸಿಕೊಂಡು ಪಕ್ಕದಲ್ಲಿಯೇ ಕೈಯ ಕಡೆಗೆ ಹೋಗುವ ಕಾಲುದಾರಿಯಂತಹ ನರತಂತುಗಳು ಕೆಲವರಲ್ಲಿ ಇರುತ್ತವೆಂದು ಆಲ್ಬರ್ಟ್ ಕುಂಟ್ಸ್ ೧೯೨೭ರಲ್ಲಿ ವರ್ಣಿಸಿದನು. ಹೆದ್ದಾರಿಯನ್ನು ಮುಚ್ಚಿದರೂ ಈ ಕಾಲುದಾರಿ ತೆರೆದಿದ್ದರೆ ಸಂದೇಶ ನುಸುಳಿಹೋಗಬಲ್ಲದು. ಆದುದರಿಂದ ಶಸ್ತ್ರವೈದ್ಯರು ಅದನ್ನೂ ಹುಡುಕಿ ನೋಡುತ್ತಾರೆ.

ತೆರಬೇಕಾದ ಬೆಲೆ

ಇನ್ನು ನಮ್ಮ ಮೊದಲ ಪ್ರಶ್ನೆಗೆ ಬರೋಣ. ಕೈ ಒಣಗಿತು, ರೋಗಿ ಸಂತೋಷದಿಂದ ಮನೆಗೆ ಹೋದನು. ಕೆಲವು ದಿನಗಳೋ ವಾರಗಳೋ ಕಳೆದ ಮೇಲೆ ಅವನಿಗೆ ಹೊಸದೊಂದು ಅನುಭವವಾಗುತ್ತದೆ. ಹಿಂದೆ ಅಷ್ಟಾಗಿ ಬೆವರದಿದ್ದ ಬೆನ್ನು, ಎದೆಯ ಕೆಳಭಾಗ, ಹೊಟ್ಟೆ, ತೊಡೆಗಳು ಈಗ ಬೆವರತೊಡಗುತ್ತವೆ. ಇದನ್ನು ಪರಿಹಾರಸ್ವೇದ ಎನ್ನಬಹುದು; ಒಂದು ಕಡೆಯಲ್ಲಿ ತಡೆದದ್ದನ್ನು ಇನ್ನೊಂದು ಕಡೆಯಲ್ಲಿ ತುಂಬಿಕೊಡುವಂತೆ ತೋರುವ ಬೆವರು. ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದು ಒಂದಿಷ್ಟಾದರೂ ಬರುತ್ತದೆ. ಅವರಲ್ಲಿ ಹೆಚ್ಚಿನವರು ಇದನ್ನು ಸಹಿಸಿಕೊಳ್ಳುತ್ತಾರೆ. ಅಂಗೈ ಒಣಗಿದ್ದೇ ಸಾಕೆಂದು ತೃಪ್ತರಾಗಿರುತ್ತಾರೆ. ಆದರೆ ಕೆಲವರಲ್ಲಿ ಅದು ಅತಿ ತೀವ್ರವಾಗಿ, ದಿನಕ್ಕೆ ಹಲವು ಬಾರಿ ಬಟ್ಟೆ ಬದಲಾಯಿಸಬೇಕಾಗುವ ಸ್ಥಿತಿಗೆ ತರುತ್ತದೆ. ಕರವಸ್ತ್ರದಿಂದ ಒರೆಸಿಕೊಳ್ಳಬಹುದಾಗಿದ್ದ ತೊಂದರೆಯ ಜಾಗದಲ್ಲಿ ಯಾವ ವಸ್ತ್ರದಿಂದಲೂ ಮರೆಮಾಡಲಾಗದ ತೊಂದರೆ ಬಂದು ನಿಲ್ಲುತ್ತದೆ.

ಇದು ಏಕೆ ಹೀಗಾಗುತ್ತದೆ? ವಿಜ್ಞಾನಿಗಳಲ್ಲಿ ಎರಡು ಅಭಿಪ್ರಾಯಗಳಿವೆ. ಎರಡನೆಯ ಪಕ್ಕೆಲುಬಿನ ಮಟ್ಟದಲ್ಲಿ ಕತ್ತರಿಸಿದರೆ ತಲೆ, ಕುತ್ತಿಗೆ, ತೋಳು, ಎದೆಯ ಮೇಲ್ಭಾಗ ಇವೆಲ್ಲ ಬಹುಮಟ್ಟಿಗೆ ಒಣಗುತ್ತವೆ. ದೇಹದ ಶಾಖ ಹೊರಹೋಗಲು ಇದ್ದ ಜಾಗ ಹೀಗೆ ಕಿರಿದಾದಾಗ ಉಳಿದ ಚರ್ಮವೇ ಆ ಕೆಲಸವನ್ನೆಲ್ಲ ಹೊರಬೇಕಾಗುತ್ತದೆ ಎಂಬುದು ಒಂದು ಅಭಿಪ್ರಾಯ. ಸಿಂಪಥೆಟಿಕ್ ಸರಪಳಿಯಲ್ಲಿ ಸಂದೇಶಗಳು ಕೆಳಗಿಳಿಯುವುದಷ್ಟೇ ಅಲ್ಲ, ಮೇಲಕ್ಕೂ ಹೋಗುತ್ತವೆ. ಈ ಮರುಸಂದೇಶ ನಿಂತಾಗ ಮಿದುಳಿನ ಉಷ್ಣನಿಯಂತ್ರಣ ಕೇಂದ್ರ ತನ್ನ ಆಜ್ಞೆಯನ್ನು ಹಿಡಿತದಲ್ಲಿಡಲಾರದೆ ಹೋಗುತ್ತದೆ ಎಂಬುದು ಇನ್ನೊಂದು. ಯಾವುದೇ ಆಗಲಿ, ಒಂದು ಮಾತು ಎರಡರಿಂದಲೂ ಹೊರಡುತ್ತದೆ. ಕತ್ತರಿಸಿದ ತಂತು ಅಂಗೈಯ ಸ್ವಂತ ಆಸ್ತಿಯಾಗಿರಲಿಲ್ಲ. ಅದು ಇಡೀ ದೇಹದ ಉಷ್ಣವ್ಯವಸ್ಥೆಯ ಒಂದು ಭಾಗವಾಗಿತ್ತು. ಒಂದು ಮನೆಯ ದೀಪವನ್ನು ಆರಿಸಲೆಂದು ಬೀದಿಯ ತಂತಿಯನ್ನೇ ಕತ್ತರಿಸಿದಂತಾಯಿತು.

ಪರಿಹಾರಸ್ವೇದ ಸೆಕೆಯ ನಾಡುಗಳಲ್ಲಿ ಹೆಚ್ಚು ಬಾಧಿಸುತ್ತದೆ. ಮಂಗಳೂರಿನ ಮೇ ತಿಂಗಳನ್ನು ವಾಚಕರು ಈಗ ನೆನೆಯಬಹುದು. ತಲೆಯೂ ತೋಳುಗಳೂ ಒಣಗಿರುವಾಗ ಬೆನ್ನಿನಿಂದ ಇಳಿಯುವ ಬೆವರು ಆರುವುದಕ್ಕೆ ಅಲ್ಲಿನ ಗಾಳಿಯಲ್ಲಿ ಎಡೆಯೆಲ್ಲಿದೆ? ತಣ್ಣನೆಯ ದೇಶಗಳಲ್ಲಿ ಸಹಿಸಬಹುದಾದ ಫಲ ನಮ್ಮಲ್ಲಿಯೂ ಹಾಗೆಯೇ ಇರುತ್ತದೆಂದು ಎಣಿಸುವಂತಿಲ್ಲ.

ಬೇರೆ ಅಪಾಯಗಳೂ ಇವೆ, ಅವು ಅಪರೂಪ. ಎದೆಗೂಡಿನಲ್ಲಿ ಗಾಳಿ ಅಥವಾ ರಕ್ತ ಸೇರಿಕೊಳ್ಳಬಹುದು. ಮೊದಲನೆಯ ಪಕ್ಕೆಲುಬಿನ ಬಳಿಯಿರುವ ದೊಡ್ಡ ಗಂಟಿಗೆ ಪೆಟ್ಟಾದರೆ ಹಾರ್ನರ್ ಕಂಡ ಲಕ್ಷಣಗಳೇ ರೋಗಿಯ ಮುಖದಲ್ಲಿ ಮೂಡುತ್ತವೆ. ಹೃದಯದ ಬಡಿತವನ್ನು ಹೆಚ್ಚಿಸುವ ನರಗಳೂ ಇದೇ ಭಾಗದಿಂದ ಹೊರಡುವುದರಿಂದ ನಾಡಿಯ ವೇಗ ತುಸು ಇಳಿಯುವುದುಂಟು. ಊಟ ಮಾಡುವಾಗ ಮಾತ್ರ ಮುಖ ಬೆವರುವ ವಿಚಿತ್ರ ಸ್ಥಿತಿಯೂ ಕೆಲವರಿಗೆ ಬರುತ್ತದೆ. ಕೆಲವರ ಕೈಗಳು ಒಡೆಯುವಷ್ಟು ಒಣಗುತ್ತವೆ. ಅಂಗಾಲಿನ ನರಗಳು ಸೊಂಟದ ಸರಪಳಿಯಿಂದ ಹೊರಡುವುದರಿಂದ ಎದೆಯ ಈ ಶಸ್ತ್ರಕ್ರಿಯೆಯಿಂದ ಅಂಗಾಲಿನ ಬೆವರು ನಿಲ್ಲುವ ಭರವಸೆಯಿಲ್ಲ. ಅದಕ್ಕಾಗಿ ಸೊಂಟದ ಭಾಗದಲ್ಲಿ ಬೇರೆ ಶಸ್ತ್ರಕ್ರಿಯೆಯುಂಟು. ಪುರುಷರಲ್ಲಿ ವೀರ್ಯಸ್ಖಲನವನ್ನು ನಡೆಸುವ ನರಗಳೂ ಅಲ್ಲಿಯೇ ಹಾದುಹೋಗುವುದರಿಂದ ಅಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು.

ಎಲ್ಲಕ್ಕಿಂತ ಮುಖ್ಯವಾದುದು, ಒಮ್ಮೆ ಕತ್ತರಿಸಿದುದನ್ನು ಮತ್ತೆ ಜೋಡಿಸುವ ಭರವಸೆಯ ಮಾರ್ಗ ಇಲ್ಲ. ಬೇರೆ ಕಡೆಯ ನರದ ತುಂಡನ್ನು ತಂದು ಕಸಿಮಾಡಿ ನೋಡಿದ್ದಾರೆ. ಕ್ಲಿಪ್ಪನ್ನು ಬಿಚ್ಚಿ ನೋಡಿದ್ದಾರೆ. ಕೆಲವರಿಗೆ ಉಪಶಮನ ಸಿಕ್ಕಿದೆ, ಎಲ್ಲರಿಗೂ ಸಿಕ್ಕಿಲ್ಲ.

ಈ ಅನುಭವದಿಂದ ಶಸ್ತ್ರವೈದ್ಯರು ಪಾಠ ಕಲಿತರು. ತೈವಾನಿನಲ್ಲಿ ಈ ಶಸ್ತ್ರಕ್ರಿಯೆ ಅಧಿಕ ಸಂಖ್ಯೆಯಲ್ಲಿ ನಡೆಯುತ್ತಿತ್ತು. ೨೦೦೪ರಲ್ಲಿ ಅಲ್ಲಿನ ಆರೋಗ್ಯಾಧಿಕಾರಿಗಳು ೨೦ ವರ್ಷ ತುಂಬದವರಿಗೆ ಇದನ್ನು ಮಾಡಬಾರದೆಂದು ನಿಷೇಧಿಸಿದರು. ಅಮೆರಿಕದ ಎದೆ ಶಸ್ತ್ರವೈದ್ಯರ ಸಂಘವು ೨೦೧೧ರಲ್ಲಿ ತಜ್ಞರ ಒಮ್ಮತದ ಸೂಚನೆಗಳನ್ನು ಪ್ರಕಟಿಸಿತು. ಯಾವ ಪಕ್ಕೆಲುಬಿನ ಮೇಲೆ ಕತ್ತರಿಸಲಾಯಿತೆಂಬುದನ್ನು ಎಲ್ಲರೂ ಒಂದೇ ರೀತಿಯಲ್ಲಿ ಬರೆಯಬೇಕೆಂದು ಅದು ಹೇಳಿತು. ಅಂಗೈಯ ಬೆವರಿಗೆ ಮೂರನೆಯ ಅಥವಾ ನಾಲ್ಕನೆಯ ಪಕ್ಕೆಲುಬಿನ ಮಟ್ಟವನ್ನು ಸೂಚಿಸಿತು. ತೀರ ಮೇಲೆ ಕತ್ತರಿಸಿದಷ್ಟೂ ಪರಿಹಾರಸ್ವೇದದ ಭಯ ಹೆಚ್ಚೆಂಬುದು ಅಷ್ಟರಲ್ಲಿ ಅನುಭವಕ್ಕೆ ಬಂದಿತ್ತು. ಕೆಳಗೆ ಕತ್ತರಿಸಿದರೆ ಅಂಗೈ ಪೂರ್ತಿ ಒಣಗದೆ ತುಸು ತೇವ ಉಳಿಯಬಹುದು. ಆದರೆ ಆ ತುಸು ತೇವವೇ ಕ್ಷೇಮವೆಂದು ಹಲವರು ಈಗ ಭಾವಿಸುತ್ತಾರೆ.

ಕಂಕುಳಿನ ಮಾತೇ ಬೇರೆ

ಕಂಕುಳು ಮಾತ್ರ ಬೆವರುವವರಿಗೆ ಎದೆಗೂಡನ್ನು ಹೊಗುವ ಅಗತ್ಯವಿಲ್ಲ. ಅಲ್ಲಿ ಗ್ರಂಥಿಗಳು ಕಿರಿದಾದ ಜಾಗದಲ್ಲಿ ಗುಂಪಾಗಿರುವುದರಿಂದ ನರವನ್ನು ಬಿಟ್ಟು ಗ್ರಂಥಿಗಳನ್ನೇ ತೆಗೆಯಬಹುದು. ಮೊದಲು ಅವುಗಳ ಎಲ್ಲೆಯನ್ನು ಗುರುತಿಸಬೇಕು. ಅದಕ್ಕೆ ೧೯೨೮ರಲ್ಲಿ ರಷ್ಯದ ಮೈನರ್ ತೋರಿಸಿದ ಸುಲಭೋಪಾಯವಿದೆ: ಚರ್ಮಕ್ಕೆ ಅಯೊಡಿನ್ ದ್ರಾವಣವನ್ನು ಸವರಿ, ಒಣಗಿದ ಮೇಲೆ ಪಿಷ್ಟದ ಪುಡಿಯನ್ನು ಉದುರಿಸಿದರೆ, ಬೆವರು ಬಂದ ಕಡೆಯಲ್ಲೆಲ್ಲ ಕಡುನೀಲಿ ಬಣ್ಣ ಮೂಡುತ್ತದೆ. ಪ್ರಯೋಗಶಾಲೆಯಲ್ಲಿ ಪಿಷ್ಟವನ್ನು ಪರೀಕ್ಷಿಸಲು ವಿದ್ಯಾರ್ಥಿಗಳು ಮಾಡುವ ಪ್ರಯೋಗವೇ ಇದು! ಸ್ವೀಡನ್ನಿನ ಸ್ಕೂಗ್ ಮತ್ತು ಥಿರೆಸ್ಸನ್ ೧೯೬೨ರಲ್ಲಿ ಕಂಕುಳಿನ ಚರ್ಮವನ್ನು ಬಿಡಿಸಿ ಎತ್ತಿ, ಅದರ ಒಳಮೈಯಿಂದ ಗ್ರಂಥಿಗಳನ್ನು ಕತ್ತರಿಸಿ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಅನಂತರ ಸಣ್ಣ ರಂಧ್ರದಿಂದ ಗ್ರಂಥಿಗಳನ್ನು ಕೆರೆದು ಹೀರಿ ತೆಗೆಯುವ ಉಪಾಯ ಬಂದಿತು. ಸೂಕ್ಷ್ಮತರಂಗಗಳಿಂದ ಗ್ರಂಥಿಗಳನ್ನು ಕಾಯಿಸಿ ನಾಶಗೊಳಿಸುವ ಯಂತ್ರಕ್ಕೆ ಅಮೆರಿಕದಲ್ಲಿ ೨೦೧೧ರಲ್ಲಿ ಅನುಮತಿ ದೊರೆಯಿತು. ಇಲ್ಲಿ ಸರಪಳಿಗೆ ಕೈಹಾಕದಿರುವುದರಿಂದ ಇಡೀ ದೇಹದ ವ್ಯವಸ್ಥೆ ಕದಡುವ ಭಯ ಬಹಳ ಕಡಿಮೆ. ಅಂಗೈಯಲ್ಲಿ ಈ ಉಪಾಯ ನಡೆಯದು. ಅಲ್ಲಿನ ಚರ್ಮವನ್ನು ಹೀಗೆ ಬಿಡಿಸಿ ಎತ್ತಿದರೆ ಕೈಯೇ ಕೆಲಸಕ್ಕೆ ಬಾರದಂತಾದೀತು.

ಕತ್ತರಿಗೆ ಮೊದಲಿನ ಮೆಟ್ಟಿಲುಗಳು

ಹಾಗಾದರೆ ನಮ್ಮ ವಿದ್ಯಾರ್ಥಿ ಮಾಡಬೇಕಾದುದೇನು? ಅವನು ಮೊದಲು ವೈದ್ಯರಿಗೆ ಕೈ ತೋರಿಸಬೇಕು. ಥೈರಾಯ್ಡ್ ಗ್ರಂಥಿಯ ಅತಿಕ್ರಿಯೆ, ಕ್ಷಯ, ರಕ್ತದಲ್ಲಿ ಸಕ್ಕರೆ ಇಳಿಯುವುದು, ಕೆಲವು ಔಷಧಗಳು ಇವುಗಳಿಂದಲೂ ಬೆವರು ಹೆಚ್ಚುತ್ತದೆ. ಬೆವರು ಎರಡು ಕೈಗಳಲ್ಲಿಯೂ ಸಮನಾಗಿದ್ದು, ಬಾಲ್ಯದಲ್ಲೋ ಹದಿಹರೆಯದಲ್ಲೋ ತೊಡಗಿ, ನಿದ್ದೆಯಲ್ಲಿ ನಿಲ್ಲುತ್ತಿದ್ದರೆ, ಮನೆತನದಲ್ಲಿ ಇನ್ನಾರಿಗಾದರೂ ಇದ್ದಿದ್ದರೆ, ಅದು ಬೇರೆ ರೋಗದ ಚಿಹ್ನೆಯಲ್ಲವೆಂದು ವೈದ್ಯರು ತಿಳಿಯುತ್ತಾರೆ. ರಾತ್ರಿ ನಿದ್ದೆಯಲ್ಲಿ ಮೈಯೆಲ್ಲ ಬೆವರುವವನಾದರೋ ಕೂಡಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಮೊದಲ ಮೆಟ್ಟಿಲು ಅಲ್ಯುಮಿನಿಯಮ್ ಕ್ಲೋರೈಡಿನ ದ್ರಾವಣ. ರಾತ್ರಿ ಮಲಗುವಾಗ, ಪೂರ್ತಿ ಒಣಗಿದ ಚರ್ಮಕ್ಕೆ ಸವರಿದರೆ ಅದು ಬೆವರಿನ ನಾಳಗಳ ಬಾಯಿಯನ್ನು ಕಟ್ಟುತ್ತದೆ. ಎರಡನೆಯದು ನೀರಿನ ತಟ್ಟೆಗಳಲ್ಲಿ ಕೈಗಳನ್ನಿಟ್ಟು ಮಂದವಾದ ವಿದ್ಯುತ್ತನ್ನು ಹಾಯಿಸುವ ಅಯಾಂಟೊಫೊರೆಸಿಸ್ ಎಂಬ ವಿಧಾನ. ೧೯೫೨ರಲ್ಲಿ ಬೌಮನ್ ಮತ್ತು ಲೆಂಟ್ಸರ್ ಇದನ್ನು ಅತಿಸ್ವೇದಕ್ಕೆ ಪ್ರಯೋಗಿಸಿದರು. ೧೯೬೮ರಲ್ಲಿ ಲೆವಿಟ್ ಸರಳವಾದ ಉಪಕರಣವನ್ನು ವರ್ಣಿಸಿದ ಮೇಲೆ ಇದು ಬಳಕೆಗೆ ಬಂದಿತು. ವಾರಕ್ಕೆ ಕೆಲವು ಬಾರಿ, ಪ್ರತಿ ಸಲ ಅರ್ಧ ಗಂಟೆಯೊಳಗೆ ಮುಗಿಯುವ ಚಿಕಿತ್ಸೆಯಿದು; ಬಿಟ್ಟರೆ ಬೆವರು ಮರಳುತ್ತದೆ. ಇದಕ್ಕೆಂದೇ ಮಾಡಿದ ಉಪಕರಣವನ್ನು ವೈದ್ಯರ ಸಲಹೆಯಂತೆ ಬಳಸಬೇಕು. ಮನೆಯ ಗೋಡೆಯ ವಿದ್ಯುತ್ತಿನಿಂದ ತಾವೇ ಪ್ರಯೋಗ ಮಾಡಹೊರಟರೆ ಪ್ರಾಣಕ್ಕೇ ಸಂಚಕಾರ ಬಂದೀತು.

ಮೂರನೆಯದು ಡೇಲ್‌ನ ಸಂಶೋಧನೆಯ ಫಲ. ಗ್ರಂಥಿಗೆ ಆಜ್ಞೆ ಒಯ್ಯುವುದು ಅಸಿಟೈಲ್‌ಕೋಲೀನ್ ಆದುದರಿಂದ ಅದನ್ನು ತಡೆದರೆ ಬೆವರು ನಿಲ್ಲಬೇಕಲ್ಲವೆ? ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯದ ವಿಷವಾದ ಬೊಟ್ಯುಲಿನಮ್ ನರದ ತುದಿಯಲ್ಲಿ ಈ ವಸ್ತು ಹೊರಬೀಳದ ಹಾಗೆ ಮಾಡುತ್ತದೆ. ಅತ್ಯಲ್ಪ ಪ್ರಮಾಣದಲ್ಲಿ ಅದನ್ನು ಚರ್ಮದೊಳಕ್ಕೆ ಚುಚ್ಚಿದರೆ ಕೆಲವು ತಿಂಗಳು ಬೆವರು ನಿಲ್ಲುತ್ತದೆ. ಕಂಕುಳಿನ ಅತಿಸ್ವೇದಕ್ಕೆ ಅಮೆರಿಕದಲ್ಲಿ ೨೦೦೪ರಲ್ಲಿ ಇದಕ್ಕೆ ಸಮ್ಮತಿ ದೊರೆಯಿತು. ಅಂಗೈಗೆ ಚುಚ್ಚುವುದು ಬಹಳ ನೋವಿನ ಕೆಲಸ; ಬೆರಳುಗಳ ಬಲ ತಾತ್ಕಾಲಿಕವಾಗಿ ಕುಗ್ಗುವುದೂ ಉಂಟು. ಅಸಿಟೈಲ್‌ಕೋಲೀನಿನ ಕ್ರಿಯೆಯನ್ನು ತಡೆಯುವ ಗುಳಿಗೆಗಳೂ ಇವೆ. ಅವುಗಳಿಂದ ಬಾಯಿ ಒಣಗುವುದು, ಮಲಬದ್ಧತೆ ಮುಂತಾದ ತೊಂದರೆಗಳಾಗುತ್ತವೆ. ಈ ಮೆಟ್ಟಿಲುಗಳೆಲ್ಲ ಬೇಸರದವು, ಮತ್ತೆ ಮತ್ತೆ ಹತ್ತಬೇಕಾದವು. ಆದರೆ ಇವುಗಳಲ್ಲಿ ಒಂದು ಗುಣವಿದೆ: ಬೇಡವೆಂದಾಗ ಹಿಂದಿರುಗಿ ಇಳಿಯಬಹುದು. ಕತ್ತರಿಯ ಮೆಟ್ಟಿಲಿಗೆ ಆ ಗುಣವಿಲ್ಲ.

ಈ ಲೇಖನದಿಂದ ಶಸ್ತ್ರಕ್ರಿಯೆ ಕೆಟ್ಟದ್ದೆಂಬ ಭಾವನೆ ವಾಚಕರಿಗೆ ಬರಬಾರದು. ಉಳಿದುದೆಲ್ಲ ಸೋತಾಗ, ಬದುಕೇ ದುರ್ಭರವಾದಾಗ, ಫಲವನ್ನೂ ಬೆಲೆಯನ್ನೂ ಚೆನ್ನಾಗಿ ಅರಿತು ಒಪ್ಪಿಕೊಂಡ ಎಷ್ಟೋ ಜನರಿಗೆ ಅದು ಹೊಸ ಬಾಳನ್ನು ಕೊಟ್ಟಿದೆ. ೨೦೧೧ರ ಸೂಚನೆಗಳ ಪ್ರಕಾರ, ಮುಖ್ಯವಾಗಿ ಅಂಗೈಯೇ ಬೆವರುವವರು, ದೇಹ ಸ್ಥೂಲವಲ್ಲದವರು, ನಿದ್ದೆಯಲ್ಲಿ ಬೆವರದವರು, ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ ೫೫ಕ್ಕಿಂತ ಹೆಚ್ಚಿರುವವರು ಅದಕ್ಕೆ ತಕ್ಕವರು. ವೈದ್ಯರ ಮುಂದೆ ಕುಳಿತಾಗ "ಕೈ ಒಣಗುತ್ತದೆಯೇ?" ಎಂದಷ್ಟೇ ಕೇಳಿದರೆ ಸಾಲದು. ಆ ಪ್ರಶ್ನೆಗೆ ಉತ್ತರ ಬಹುಶಃ ಹೌದೆಂದೇ ಬರುತ್ತದೆ. "ಯಾವ ಮಟ್ಟದಲ್ಲಿ ಕತ್ತರಿಸುವಿರಿ? ಬೆನ್ನು ಬೆವರತೊಡಗಿದರೆ ಮುಂದೇನು?" ಎಂದೂ ಕೇಳಬೇಕು.

ನಮ್ಮ ವಿದ್ಯಾರ್ಥಿಗೆ ಇಂದೇ ಬೇಕಾದುದು ಇನ್ನೊಂದಿದೆ, ಅದಕ್ಕೆ ಖರ್ಚಿಲ್ಲ. ಅವನ ಅಂಗೈ ಒದ್ದೆಯಾಗುವುದು ಹೆದರುಪುಕ್ಕಲುತನದಿಂದಲ್ಲ, ಕೊಳಕಿನಿಂದಲ್ಲ, ಅದು ಅಂಟುರೋಗವೂ ಅಲ್ಲವೆಂದು ಅವನ ಗೆಳೆಯರೂ ಉಪಾಧ್ಯಾಯರೂ ತಿಳಿದಿರಬೇಕು. ನಾಚಿಕೆಯಿಂದ ಉದ್ವೇಗ, ಉದ್ವೇಗದಿಂದ ಬೆವರು, ಬೆವರಿನಿಂದ ಮತ್ತೆ ನಾಚಿಕೆ, ಹೀಗೆ ತಿರುಗುವ ಚಕ್ರದ ವೇಗವನ್ನು ಈ ತಿಳಿವಳಿಕೆ ಸ್ವಲ್ಪವಾದರೂ ತಗ್ಗಿಸಬಲ್ಲದು. ಮುಂದಿನ ಸಲ ಯಾರದಾದರೂ ಒದ್ದೆಯಾದ ಕೈ ನಮ್ಮ ಕೈಗೆ ತಾಗಿದರೆ ಮುಖ ಸಿಂಡರಿಸದೆ ಅದನ್ನು ಹಿಡಿದುಕೊಳ್ಳೋಣ.